ಮಂಜೇಶ್ವರದ ಶಾಸಕ ಸ್ಥಾನ: ಚುನಾವಣಾ ಇತಿಹಾಸ ಮತ್ತು ಭಾಷೆಯ ಪ್ರಶ್ನೆ

ರಾಜ್ಯಗಳ ಪುನರ್ವಿಂಗಡಣೆಯ ಅನಂತರ ಕರ್ನಾಟಕದ ಹೊರಗೆ ಉಳಿದ ಕನ್ನಡ ಪ್ರದೇಶಗಳಲ್ಲಿ ಕಾಸರಗೋಡಿನದು ವಿಶಿಷ್ಟ ಸ್ಥಾನ. ಈ ಪ್ರದೇಶವನ್ನು ಕುರಿತು ಕನ್ನಡದಲ್ಲಿ ಬಂದ ಬರವಣಿಗೆ ಬಹುಮಟ್ಟಿಗೆ ಎರಡು ಬಗೆಯದು. ಒಂದು, ಏಕೀಕರಣ ಚಳವಳಿಯ ಭಾವಪೂರ್ಣ ಸ್ಮರಣೆ. ಇನ್ನೊಂದು, ಅಲ್ಲಿನ ಕವಿಗಳ, ಯಕ್ಷಗಾನದ, ಪಾಡ್ದನಗಳ ಅಧ್ಯಯನ. ಇವೆರಡರ ನಡುವೆ ಒಂದು ಆಕರ ಬಹುತೇಕ ಬಳಕೆಯಾಗದೆ ಉಳಿದಿದೆ. ಅದು ಮಂಜೇಶ್ವರ ಕ್ಷೇತ್ರದ ಚುನಾವಣಾ ಇತಿಹಾಸ. ೧೯೫೭ರಿಂದ ೨೦೨೧ರವರೆಗೆ ಹದಿನಾರು ಸಾರ್ವತ್ರಿಕ ಚುನಾವಣೆಗಳನ್ನೂ ಒಂದು ಉಪಚುನಾವಣೆಯನ್ನೂ ಕಂಡ ಈ ಕ್ಷೇತ್ರ ಕೇರಳ ವಿಧಾನಸಭೆಯ ಉತ್ತರದ ತುತ್ತತುದಿಯ ಸ್ಥಾನ.

ಈ ಫಲಿತಾಂಶಗಳನ್ನು ಮೇಲುಮೇಲೆ ನೋಡಿದವರು ಸಾಮಾನ್ಯವಾಗಿ ತಲುಪುವ ತೀರ್ಮಾನ ಒಂದೇ: ಮೊದಲ ದಶಕದಲ್ಲಿ ಕನ್ನಡದ ಪರವಾದ ಅಭ್ಯರ್ಥಿಗಳು ಗೆದ್ದರು, ೧೯೭೦ರ ಬಳಿಕ ಗೆಲ್ಲಲಿಲ್ಲ, ಆದ್ದರಿಂದ ಅಲ್ಲಿ ಕನ್ನಡದ ಅಭಿಮಾನ ಬತ್ತಿತು. ಈ ತೀರ್ಮಾನ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧. ಹಿನ್ನೆಲೆ

ಕಾಸರಗೋಡು ತಾಲೂಕು ೧೯೫೬ರವರೆಗೆ ಮದರಾಸು ಆಧಿಪತ್ಯದ, ಅನಂತರ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಫಜಲ್ ಅಲಿ ಅವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು ೧೯೫೫ರ ತನ್ನ ವರದಿಯಲ್ಲಿ ಈ ತಾಲೂಕನ್ನು ಕೇರಳಕ್ಕೆ ಸೇರಿಸಲು ಶಿಫಾರಸು ಮಾಡಿತು. ೧೯೫೬ರ ನವೆಂಬರ್ ೧ರಂದು ಅದು ಜಾರಿಗೆ ಬಂದಿತು. ಇದೇ ವಿಷಯವನ್ನು ಮರಳಿ ಪರಿಶೀಲಿಸಿದವರು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶ ಮೆಹರ್‌ಚಂದ್ ಮಹಾಜನ್. ೧೯೬೬ರಲ್ಲಿ ನೇಮಕವಾದ ಅವರ ಆಯೋಗವು ೧೯೬೭ರ ಆಗಸ್ಟ್‌ನಲ್ಲಿ ವರದಿ ನೀಡಿ, ಚಂದ್ರಗಿರಿ-ಪಯಸ್ವಿನಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಕೇರಳ ಈ ಶಿಫಾರಸನ್ನು ಒಪ್ಪಲಿಲ್ಲ. ಇದೇ ವರದಿಯ ಬೆಳಗಾವಿಗೆ ಸಂಬಂಧಿಸಿದ ಭಾಗವನ್ನು ಮಹಾರಾಷ್ಟ್ರ ತಿರಸ್ಕರಿಸಿದ ಸಂಗತಿ ಮುಂಬಯಿ, ಪುಣೆಗಳ ಓದುಗರಿಗೆ ತಿಳಿದದ್ದೇ. ವರದಿ ಕಾರ್ಯಗತವಾಗಲಿಲ್ಲ.

ಎರಡು ಆಯೋಗಗಳು ಬೇರೆ ಬೇರೆ ಉತ್ತರ ನೀಡಲು ಮುಖ್ಯ ಕಾರಣ ಅವು ಆರಿಸಿಕೊಂಡ ಘಟಕ. ಮೊದಲನೆಯದು ಇಡೀ ತಾಲೂಕನ್ನು ಒಂದು ಘಟಕವೆಂದು ತೆಗೆದುಕೊಂಡಿತು. ಆಗ ಮಲಯಾಳ ಮಾತಾಡುವವರೇ ಹೆಚ್ಚು. ಎರಡನೆಯದು ತಾಲೂಕನ್ನು ಹೊಳೆಯ ಗುಂಟ ಒಡೆದು ನೋಡಿತು. ಆಗ ಉತ್ತರದ ಚಿತ್ರ ಬೇರೆಯಾಯಿತು. ವಿಧಾನಸಭಾ ಕ್ಷೇತ್ರವೆಂಬುದು ಈ ಎರಡಕ್ಕೂ ಸರಿಹೊಂದದ ಮೂರನೆಯ ಘಟಕ. ಅದರ ಎಲ್ಲೆಗಳು ಕಾಲಕಾಲಕ್ಕೆ ಪುನರ್ರಚನೆಯಾಗಿವೆ. ಆದ್ದರಿಂದ 'ಮಂಜೇಶ್ವರ' ಎಂಬ ಹೆಸರು ಒಂದೇ ಆಗಿದ್ದರೂ ೧೯೬೦ರ ಮಂಜೇಶ್ವರವೂ ೨೦೨೧ರ ಮಂಜೇಶ್ವರವೂ ನೆಲದ ಮೇಲೆ ಒಂದೇ ಅಲ್ಲ. ಶಾಸನಗಳಲ್ಲಿ ಬರುವ ನಾಡುಗಳ ಹೆಸರನ್ನು ಹಿಡಿದು ಎಲ್ಲೆ ಗುರುತಿಸುವಾಗ ನಾವು ವಹಿಸುವ ಎಚ್ಚರವನ್ನು ಇಲ್ಲಿಯೂ ವಹಿಸಬೇಕಾಗುತ್ತದೆ.

೨. ಮೊದಲ ಘಟ್ಟ: ೧೯೫೭ರಿಂದ ೧೯೬೭

ಕೇರಳ ವಿಧಾನಸಭೆಗೆ ೧೯೫೭ರಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಪಕ್ಷೇತರರಾದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ರಾಜಕೀಯವಾಗಿ ಇದು ದೊಡ್ಡ ಗೆಲುವು. ಸಂಶೋಧಕನಿಗೆ ಮಾತ್ರ ದೊಡ್ಡ ಕೊರತೆ. ಅವಿರೋಧ ಆಯ್ಕೆಯಲ್ಲಿ ಮತದಾನವಿಲ್ಲ, ಮತದಾನವಿಲ್ಲದೆ ಅಂಕಿಸಂಖ್ಯೆಯಿಲ್ಲ. ಗಡಿ ಬದಲಾದ ಮರುಗಳಿಗೆಯಲ್ಲಿ ಜನಾಭಿಪ್ರಾಯ ಹೇಗೆ ಹಂಚಿಹೋಗಿತ್ತು ಎಂಬ ಪ್ರಶ್ನೆಗೆ ಉತ್ತರಿಸಬಲ್ಲ ಪಟ್ಟಿಯೇ ಹೀಗೆ ಹುಟ್ಟದೆ ಹೋಯಿತು.

೧೯೬೦ರಲ್ಲಿ ಕಣಕ್ಕಿಳಿದು ಗೆದ್ದವರು ವಕೀಲರಾದ ಕಳ್ಳಿಗೆ ಮಹಾಬಲ ಭಂಡಾರಿ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಬೇಡಿಕೆಯ ಕರ್ನಾಟಕ ಸಮಿತಿಯ ಪ್ರತಿನಿಧಿಯಾಗಿ ಅವರು ನಿಂತರು. ೧೯೬೫ರಲ್ಲಿ ಮತ್ತೆ ಗೆದ್ದರು. ಆದರೆ ಆ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಸರ್ಕಾರ ರಚಿಸುವ ಬಲ ಬಾರದೆ ವಿಧಾನಸಭೆಯೇ ಸಮಾವೇಶಗೊಳ್ಳಲಿಲ್ಲ. ೧೯೬೭ರಲ್ಲಿ ಮೂರನೆಯ ಬಾರಿಗೆ ಗೆದ್ದರು. ಹೀಗೆ ಮೂರು ಸಲ ಜನಾದೇಶ ಪಡೆದ ಭಂಡಾರಿಯವರಿಗೆ ಸದನದಲ್ಲಿ ಕುಳಿತುಕೊಳ್ಳುವ ಅವಕಾಶ ದೊರೆತದ್ದು ಎರಡು ಸಲ ಮಾತ್ರ. ಪಟ್ಟಿಯಲ್ಲಿನ ಗೆಲುವಿನ ಎಣಿಕೆಯೂ ಶಾಸಕತ್ವದ ಎಣಿಕೆಯೂ ಒಂದೇ ಅಲ್ಲವೆಂಬುದಕ್ಕೆ ಇದು ಉತ್ತಮ ನಿದರ್ಶನ.

೧೯೬೭ರ ಫಲಿತಾಂಶ ಇನ್ನೊಂದು ಕಾರಣಕ್ಕೆ ಗಮನಾರ್ಹ. ಮಹಾಜನ್ ಆಯೋಗ ವಿಚಾರಣೆ ನಡೆಸುತ್ತಿದ್ದಾಗಲೇ ಈ ಚುನಾವಣೆ ನಡೆಯಿತು. ಮಂಜೇಶ್ವರದಲ್ಲಿ ಭಂಡಾರಿಯವರೂ ನೆರೆಯ ಕಾಸರಗೋಡು ಕ್ಷೇತ್ರದಲ್ಲಿ ಯು. ಪಿ. ಕುಣಿಕುಳ್ಳಾಯರೂ ಪಕ್ಷೇತರರಾಗಿ ಗೆದ್ದರು. ಕೇರಳದಾದ್ಯಂತ ಸಪ್ತಪಕ್ಷ ಕೂಟವು ಭಾರಿ ಬಹುಮತ ಗಳಿಸಿದ ಆ ವರ್ಷ ಉತ್ತರದ ಎರಡು ಕ್ಷೇತ್ರಗಳು ಆ ಅಲೆಗೆ ಒಳಗಾಗಲಿಲ್ಲ. ಈ ಮತವು ಸರ್ಕಾರ ರಚಿಸಲು ಕೊಟ್ಟದ್ದಲ್ಲ, ಆಯೋಗದ ಮುಂದೆ ಸಾಕ್ಷ್ಯವಾಗಿ ನಿಲ್ಲಲು ಕೊಟ್ಟದ್ದು ಎಂದು ಭಾವಿಸಲು ಸಾಕಷ್ಟು ಆಧಾರವಿದೆ.

೩. ಶಾಸಕನ ಅಧಿಕಾರದ ಮಿತಿ

ಇಲ್ಲಿ ಸಂವಿಧಾನದ ಒಂದು ಸೂಕ್ಷ್ಮವನ್ನು ಲಕ್ಷಿಸಬೇಕು. ರಾಜ್ಯದ ಗಡಿಯನ್ನು ಬದಲಿಸುವ ಅಧಿಕಾರ ೩ನೆಯ ಅನುಚ್ಛೇದದನ್ವಯ ಸಂಸತ್ತಿನದು. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ರಾಷ್ಟ್ರಪತಿಗಳು ಕೇಳಬೇಕಾದರೂ ಅದರ ಒಪ್ಪಿಗೆ ಬೇಕೆಂಬ ನಿಯಮವಿಲ್ಲ. ಹಾಗಾಗಿ ಗಡಿಯ ಬೇಡಿಕೆಯೊಂದನ್ನೇ ಹೊತ್ತು ತಿರುವನಂತಪುರಕ್ಕೆ ಹೋದ ಶಾಸಕನಿಗೆ ಆ ಬೇಡಿಕೆಯನ್ನು ಈಡೇರಿಸುವ ಯಾವ ಸಾಧನವೂ ಅಲ್ಲಿ ಇರಲಿಲ್ಲ. ಆತ ಸದನದಲ್ಲಿ ಒಂಟಿ. ಆತನ ವಾದಕ್ಕೆ ಉಳಿದ ಸದಸ್ಯರೆಲ್ಲ ಸಹಜವಾಗಿಯೇ ಪ್ರತಿಪಕ್ಷ.

ಇದು ಕನ್ನಡಿಗರಿಗಷ್ಟೇ ಒದಗಿದ ಸ್ಥಿತಿಯಲ್ಲ. ಬೆಳಗಾವಿಯ ಮರಾಠಿ ಭಾಷಿಕರ ಮಹಾರಾಷ್ಟ್ರ ಏಕೀಕರಣ ಸಮಿತಿಯೂ ಇದೇ ದಾರಿ ಹಿಡಿದು ದಶಕಗಳ ಕಾಲ ಕರ್ನಾಟಕ ವಿಧಾನಸಭೆಗೆ ತನ್ನವರನ್ನು ಕಳುಹಿಸಿತು. ೨೦೧೮ರಲ್ಲಿಯೂ ೨೦೨೩ರಲ್ಲಿಯೂ ಅದಕ್ಕೆ ಒಂದು ಸ್ಥಾನವೂ ದಕ್ಕಲಿಲ್ಲ. ಆ ಕಾರಣಕ್ಕೆ ಬೆಳಗಾವಿಯಲ್ಲಿ ಮರಾಠಿ ನಶಿಸಿತೆಂದು ಯಾರೂ ಹೇಳುವುದಿಲ್ಲ. ಮಂಜೇಶ್ವರಕ್ಕೂ ನಾವು ಇದೇ ಅಳತೆಗೋಲನ್ನು ಅನ್ವಯಿಸುವುದು ನ್ಯಾಯ.

೪. ೧೯೭೦ರ ಪಲ್ಲಟ

೧೯೭೦ರಲ್ಲಿ ಮಂಜೇಶ್ವರವನ್ನು ಭಾರತೀಯ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪ ಗೆದ್ದರು. ಕಾಸರಗೋಡು ಸ್ಥಾನವೂ ಸಮಿತಿಯ ಕೈತಪ್ಪಿತು. ರಾಮಪ್ಪನವರು ೧೯೭೭ರಲ್ಲಿ ಮತ್ತೆ ಆಯ್ಕೆಯಾದರು. ೧೯೮೦ ಮತ್ತು ೧೯೮೨ರಲ್ಲಿ ಅದೇ ಪಕ್ಷದ ಡಾ. ಎ. ಸುಬ್ಬರಾವ್ ಗೆದ್ದರು. ೧೯೮೦ರ ನಾಯನಾರ್ ಮಂತ್ರಿಮಂಡಲದಲ್ಲಿ ಸುಬ್ಬರಾವ್ ನೀರಾವರಿ ಸಚಿವರಾದರು. ಗಡಿಯಾಚೆ ಹೋಗಬೇಕೆಂದು ಮತ ನೀಡುತ್ತಿದ್ದ ಕ್ಷೇತ್ರದ ಪ್ರತಿನಿಧಿ ಹತ್ತೇ ವರ್ಷಗಳಲ್ಲಿ ಗಡಿಯೊಳಗಿನ ಸರ್ಕಾರದ ಭಾಗವಾದದ್ದು ಸಣ್ಣ ಮಾತಲ್ಲ.

ಈ ಪಲ್ಲಟಕ್ಕೆ ಭಾಷೆಯ ಉದಾಸೀನವೇ ಕಾರಣವೆನ್ನುವುದು ಆತುರದ ಮಾತಾದೀತು. ವರದಿ ಬಂದು ಮೂರು ವರ್ಷ ಕಳೆದರೂ ಅದು ಜಾರಿಯಾಗಿರಲಿಲ್ಲ. ಸಾಕ್ಷ್ಯವಾಗಿ ನೀಡಿದ ಮತ ತನ್ನ ಕೆಲಸ ಮುಗಿಸಿತ್ತು. ಅಷ್ಟರಲ್ಲಿ ಕೇರಳದ ಭೂಸುಧಾರಣಾ ತಿದ್ದುಪಡಿ ಕಾನೂನು ೧೯೭೦ರ ಜನವರಿ ೧ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯನ್ನು ರದ್ದುಗೊಳಿಸಿತು. ಗಡಿಯ ಪ್ರಶ್ನೆಯಲ್ಲಿ ಒಡೆಯನೂ ಗೇಣಿದಾರನೂ ಒಂದೇ ಕಡೆ ನಿಲ್ಲಬಹುದಾಗಿತ್ತು. ಭೂಮಿಯ ಪ್ರಶ್ನೆಯಲ್ಲಿ ಹಾಗೆ ನಿಲ್ಲುವುದು ಸಾಧ್ಯವಿರಲಿಲ್ಲ. ಕನ್ನಡ ಶಾಲೆಯಲ್ಲಿ ಓದಿದ ಒಕ್ಕಲು ಮಗನೊಬ್ಬ ಎಡಪಕ್ಷಕ್ಕೆ ಮತ ಹಾಕಿದರೆ ಅವನು ಕನ್ನಡವನ್ನು ತೊರೆದನೆಂದು ಅರ್ಥವಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳೇ ಇದಕ್ಕೆ ಸಾಕ್ಷಿ: ಎಡಪಂಥದ ಒಲವು, ಬದಿಯಡ್ಕ ಪಂಚಾಯತಿನ ಅಧ್ಯಕ್ಷತೆ, ವಿಲೀನೀಕರಣದ ಬೇಡಿಕೆ ಈ ಮೂರೂ ಅವರೊಬ್ಬರಲ್ಲೇ ಕೂಡಿದ್ದವು. ೨೦೧೫ರಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರು ಆ ಬೇಡಿಕೆಯನ್ನು ಕೈಬಿಡಲಿಲ್ಲ.

೫. ಅನಂತರದ ಚುನಾವಣೆಗಳು

೧೯೮೭, ೧೯೯೧, ೧೯೯೬ ಮತ್ತು ೨೦೦೧ರಲ್ಲಿ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಸತತವಾಗಿ ಗೆದ್ದರು. ೨೦೦೧ರ ಬಳಿಕ ಸಚಿವರೂ ಆದರು. ೨೦೦೬ರಲ್ಲಿ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಸಿ. ಎಚ್. ಕುಞ್ಞಂಬು ಆ ಸರಣಿಯನ್ನು ಮುರಿದರು. ೨೦೧೧ ಮತ್ತು ೨೦೧೬ರಲ್ಲಿ ಲೀಗಿನ ಪಿ. ಬಿ. ಅಬ್ದುಲ್ ರಜಾಕ್ ಗೆದ್ದರು. ೨೦೧೬ರಲ್ಲಿ ಭಾರತೀಯ ಜನತಾ ಪಕ್ಷದ ಕೆ. ಸುರೇಂದ್ರನ್ ಸೋತದ್ದು ಕೇವಲ ೮೯ ಮತಗಳಿಂದ. ರಜಾಕ್ ೨೦೧೮ರ ಅಕ್ಟೋಬರಿನಲ್ಲಿ ನಿಧನರಾದ ಕಾರಣ ೨೦೧೯ರಲ್ಲಿ ನಡೆದ ಉಪಚುನಾವಣೆಯಲ್ಲಿ ಲೀಗಿನ ಎಂ. ಸಿ. ಕಮರುದ್ದೀನ್ ಗೆದ್ದರು. ಆಗ ಎದುರಾಳಿಗಳಾಗಿ ನಿಂತವರು ಭಾರತೀಯ ಜನತಾ ಪಕ್ಷದ ರವೀಶ ತಂತ್ರಿ ಕುಂಟಾರು ಮತ್ತು ಎಡಪಕ್ಷದ ಎಂ. ಶಂಕರ ರೈ. ೨೦೨೧ರಲ್ಲಿ ಲೀಗಿನ ಎ. ಕೆ. ಎಂ. ಅಶ್ರಫ್ ಅವರು ಸುರೇಂದ್ರನ್ ಅವರನ್ನು ೭೪೫ ಮತಗಳಿಂದ ಸೋಲಿಸಿದರು.

ಮೇಲಿನ ಯಾವ ಫಲಿತಾಂಶವನ್ನೂ ಗಡಿಯ ಪ್ರಶ್ನೆ ನಿರ್ಧರಿಸಲಿಲ್ಲ. ಆದರೆ ೨೦೨೧ರ ಚುನಾವಣೆಯ ಬಳಿಕ ನಡೆದ ಒಂದು ಸಂಗತಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಅಶ್ರಫ್ ಅವರು ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಇದು ಬರಿಯ ಔಪಚಾರಿಕತೆಯೆಂದು ತಳ್ಳಿಹಾಕುವಂತಿಲ್ಲ. ೧೮೮ನೆಯ ಅನುಚ್ಛೇದದನ್ವಯ ಪ್ರಮಾಣ ಸ್ವೀಕರಿಸಿದ ಹೊರತು ಸದಸ್ಯನು ಸದನದಲ್ಲಿ ಆಸನ ವಹಿಸುವಂತಿಲ್ಲ. ಅದೇ ಸಲ ದೇವಿಕುಳಂ ಕ್ಷೇತ್ರದ ಎ. ರಾಜಾ ತಮಿಳಿನಲ್ಲಿ ಸ್ವೀಕರಿಸಿದ ಪ್ರಮಾಣದಲ್ಲಿ ಅವಶ್ಯಕವಾದ ಪದಗಳು ಬಿಟ್ಟುಹೋಗಿದ್ದರಿಂದ ಅವರು ಎರಡನೆಯ ಬಾರಿ ಪ್ರಮಾಣ ಸ್ವೀಕರಿಸಬೇಕಾಯಿತು. ಅಲ್ಪಸಂಖ್ಯಾತ ಭಾಷೆಯ ಪಠ್ಯವೊಂದರಲ್ಲಿನ ಲೋಪವು ಚುನಾಯಿತ ಸದಸ್ಯನ ಸ್ಥಾನವನ್ನೇ ಪ್ರಶ್ನಿಸುವಂತೆ ಮಾಡಿತು. ಅಂಥ ಸದನದಲ್ಲಿ ಕನ್ನಡದ ಪ್ರಮಾಣಪಠ್ಯವೊಂದು ಸಿಂಧುವಾಗಿ ನಿಂತಿತು.

ಅದನ್ನು ಓದಿದ ಸದಸ್ಯ ಮುಸ್ಲಿಂ ಲೀಗಿನವರು ಎಂಬುದೂ ವಿಚಾರಾರ್ಹ. ಮಂಜೇಶ್ವರದ ಮನೆಗಳಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲವೂ ಕೇಳಿಬರುತ್ತವೆ. ಅಲ್ಲಿ ಕನ್ನಡವು ಮನೆಮಾತಾಗಿರುವುದಕ್ಕಿಂತ ಹೆಚ್ಚಾಗಿ ಶಾಲೆಯ, ದಸ್ತಾವೇಜಿನ, ಯಕ್ಷಗಾನ ರಂಗದ ಭಾಷೆ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳಿಗೂ ಮಂಜೇಶ್ವರದ ಗೋವಿಂದ ಪೈಗಳ ಸಂಶೋಧನೆಗೂ ಇದೇ ಬಹುಭಾಷಿಕ ನೆಲೆ. ಪೈಗಳ ಮನೆಮಾತು ಕೊಂಕಣಿ. ಜನಗಣತಿಯ ಮಾತೃಭಾಷೆಯ ಅಂಕಣ ಹಿಡಿದು ಲೆಕ್ಕ ಹಾಕಿದರೆ ಈ ಕನ್ನಡ ಕಾಣಿಸುವುದೇ ಇಲ್ಲ.

೬. ಬೇಡಿಕೆಯ ರೂಪಾಂತರ

ಈ ಸಮೀಕ್ಷೆಯಿಂದ ಹೊರಡುವ ತೀರ್ಮಾನವಿಷ್ಟು: ೧೯೭೦ರ ಅನಂತರ ಬದಲಾದದ್ದು ಬೇಡಿಕೆಯ ಸ್ವರೂಪ. ಎಲ್ಲೆಯನ್ನು ಕದಲಿಸುವ ಬೇಡಿಕೆ ಮತಪೆಟ್ಟಿಗೆಯಿಂದ ಹಿಂದೆ ಸರಿದು, ಎಲ್ಲೆಯೊಳಗಿನ ಹಕ್ಕುಗಳ ಬೇಡಿಕೆ ಮುಂದೆ ಬಂದಿತು. ಇದಕ್ಕೆ ಕಾನೂನಿನ ಆಸರೆಗಳೂ ಇವೆ. ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ೧೯೫೬ರಲ್ಲಿಯೇ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ೩೫೦ಎ ಮತ್ತು ೩೫೦ಬಿ ಅನುಚ್ಛೇದಗಳು ಸೇರಿದವು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣವನ್ನೂ ಎರಡನೆಯದು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನೂ ಕುರಿತದ್ದು. ಕೇರಳದ ೧೯೬೯ರ ಅಧಿಕೃತ ಭಾಷಾ ಕಾನೂನು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶವನ್ನು ಗುರುತಿಸಿದೆ. ೨೦೧೭ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದು ಪ್ರತಿಭಟಿಸಿದರು. ಗಡಿಯ ಹೆಸರಿನಲ್ಲಿ ಮತ ಬೀಳದ ಕಾಲದಲ್ಲಿಯೂ ಶಾಲೆಯ ಹೆಸರಿನಲ್ಲಿ ಜನ ಸೇರಿದರೆಂಬುದನ್ನು ಇದು ತೋರಿಸುತ್ತದೆ.

ಕೆಲಸ ಮಾತ್ರ ಮೊದಲಿಗಿಂತ ಸುಲಭವಾಗಿಲ್ಲ. ೧೪೦ ಸದಸ್ಯರ ಸದನದಲ್ಲಿ ಕನ್ನಡ ಪ್ರದೇಶದ ದನಿ ಒಂದೋ ಎರಡೋ. ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕ, ಕಚೇರಿಯಲ್ಲಿ ಕನ್ನಡದ ಅರ್ಜಿ ನಮೂನೆ, ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಇವೆಲ್ಲ ಗಡಿಯ ಘೋಷಣೆಯಂತೆ ಸಭೆ ತುಂಬಿಸುವ ವಿಷಯಗಳಲ್ಲ. ಆದರೆ ಒಂದು ತಲೆಮಾರಿನ ಮಕ್ಕಳು ಕನ್ನಡ ಓದಬಲ್ಲರೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಇಲ್ಲಿಯೇ.

ಆದ್ದರಿಂದ ಮುಂದಿನ ಅಭ್ಯಾಸಿಗಳು ಮೂರು ದಿಕ್ಕಿನಲ್ಲಿ ಕೆಲಸ ಮಾಡಬಹುದಾಗಿದೆ. ಒಂದು, ಕ್ಷೇತ್ರದ ಎಲ್ಲೆಗಳು ಬದಲಾದ ಬಗೆಯನ್ನು ಗ್ರಾಮವಾರು ಗುರುತಿಸುವುದು. ಎರಡು, ಭಂಡಾರಿ, ಕುಣಿಕುಳ್ಳಾಯರಿಂದ ಹಿಡಿದು ಮಂಜೇಶ್ವರ, ಕಾಸರಗೋಡಿನ ಸದಸ್ಯರು ಸದನದಲ್ಲಿ ಎತ್ತಿದ ಪ್ರಶ್ನೆಗಳನ್ನು ನಡಾವಳಿಗಳಿಂದ ಸಂಗ್ರಹಿಸಿ, ಅವುಗಳಲ್ಲಿ ಗಡಿಯ ಪಾಲೆಷ್ಟು, ಶಾಲೆಯ ಪಾಲೆಷ್ಟು ಎಂದು ವಿಂಗಡಿಸುವುದು. ಮೂರು, ೧೯೬೭ರಲ್ಲಿ ಮತ ಹಾಕಿದವರಲ್ಲಿ ಬದುಕಿರುವವರ ನೆನಪುಗಳನ್ನು ದಾಖಲಿಸುವುದು. ಮೊದಲೆರಡು ಕೆಲಸಗಳ ಆಕರ ಕಾಗದದ ಮೇಲಿದೆ, ಅವು ಕಾಯಬಲ್ಲವು. ಮೂರನೆಯದರ ಆಕರಕ್ಕೆ ಈಗ ಎಂಬತ್ತು ದಾಟಿದೆ. ಆ ಕೆಲಸದಿಂದಲೇ ಆರಂಭಿಸುವುದು ಉಚಿತ.