ಲಡ್ಡು ಅದೇ, ಒಲೆ ಬೇರೆ: ಕಾರ್ಟೂನ್ ಸ್ಪಿನ್-ಆಫ್ ತನ್ನ ಕಾಲ ಮೇಲೆ ನಿಲ್ಲುತ್ತಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಹಾಸ್ಟೆಲ್ ರೂಮಲ್ಲಿ ಒಂದೇ ಇಯರ್‌ಫೋನ್ ಇಬ್ಬರು ಹಂಚಿಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಕಾರ್ಟೂನು. ನಗಬೇಡಿ, ವಿಷಯ ಸಣ್ಣದಲ್ಲ.

ತೊಗರಿ ರಾಶಿ ಸಮಯದಲ್ಲಿ ನಾನು ನಮ್ಮೂರಿಗೆ ಹೋಗಿದ್ದೆ. ಆಳಂದ ತಾಲ್ಲೂಕಿನ ಜಿಡಗಾ ನಮ್ಮೂರು. ಅಣ್ಣ, ಅತ್ತಿಗೆ ಇಬ್ಬರೂ ದುಡಿಯೋಕೆ ಪುಣೆಯಲ್ಲಿದ್ದಾರೆ. ಅವರ ಮೂರು ವರ್ಷದ ಮಗ ಊರಲ್ಲಿ ನಮ್ಮವ್ವನ ಜೊತೆ ಇರ್ತಾನೆ. ಅವನಿಗೆ ಊಟ ಮಾಡಿಸೋದು ಅಂದ್ರೆ ಮೊಬೈಲಲ್ಲಿ ‘ಛೋಟಾ ಭೀಮ್’ ಹಚ್ಚೋದು. ಅದು ಹಿಂದಿಯಲ್ಲಿ. ಅವ್ವನಿಗೆ ಸಂತೆಯಲ್ಲಿ ಚೌಕಾಸಿ ಮಾಡೋವಷ್ಟು ಹಿಂದಿ ಬರುತ್ತೆ. ಕಾರ್ಟೂನಿನ ಓಡೋ ಹಿಂದಿ ಬರಲ್ಲ. ಹುಡುಗ ಕೇಳ್ತಾನೆ: “ಆಯಿ, ಅವ ಏನಂದ?” ಅವ್ವ ಅಂತಾಳೆ: “ನನಗೇನ್ ತಿಳೀತದೋ ಯಪ್ಪಾ, ನೀ ಉಣ್ಣು ಮೊದಲ.”

ಒಂದು ಸಂಜೆ ನಾನು ಅದನ್ನ ಬದಲಾಯಿಸಿ ‘ಮೈಟಿ ಲಿಟಲ್ ಭೀಮ್’ ಹಾಕಿಕೊಟ್ಟೆ. ಅದೇ ಭೀಮ, ಆದರೆ ಇನ್ನೂ ಅಂಬೆಗಾಲಿಡೋ ಕೂಸು. ಹತ್ತು ನಿಮಿಷ ಕಳೆದಿತ್ತು. ಒಳಗಿಂದ ನಗು ಕೇಳಿಸ್ತು. ನಗ್ತಾ ಇದ್ದದ್ದು ಹುಡುಗ ಅಲ್ಲ, ಅವ್ವ!

ಆ ನಗುವಿನಿಂದಲೇ ಈ ಸಂಚಿಕೆ ಹುಟ್ಟಿದ್ದು. ಒಂದು ಜನಪ್ರಿಯ ನಗೆ ಕಾರ್ಟೂನಿಂದ ಹುಟ್ಟಿದ ಇನ್ನೊಂದು ಕಾರ್ಟೂನು ತನ್ನ ಕಾಲ ಮೇಲೆ ತಾನು ನಿಲ್ಲೋಕೆ ಸಾಧ್ಯವಾ? ಅಥವಾ ಅಪ್ಪನ ಹೆಸರು ಹೇಳಿಕೊಂಡೇ ಬದುಕಬೇಕಾ?

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಸಿಟ್‌ಕಾಂ ಅಂದ್ರೆ ಅದೇ ಮನೆ, ಅದೇ ಮಂದಿ, ಪ್ರತಿ ಸಂಚಿಕೆಗೆ ಒಂದು ಹೊಸ ಫಜೀತಿ, ಕೊನೆಗೆ ಎಲ್ಲ ಮತ್ತೆ ಮೊದಲಿನ ಹಾಗೆ. ನಮ್ಮ ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’ ನೆನಪಿಸಿಕೊಳ್ಳಿ. ಅದನ್ನೇ ಚಿತ್ರ ಬರೆದು ಮಾಡಿದರೆ ಆ್ಯನಿಮೇಟೆಡ್ ಸಿಟ್‌ಕಾಂ. ಇನ್ನು ಸ್ಪಿನ್-ಆಫ್ ಅಂದ್ರೆ ಮೂಲ ಕತೆಯ ಒಂದು ಪಾತ್ರವನ್ನ ಎತ್ತಿಕೊಂಡು ಅದಕ್ಕೆ ಬೇರೆ ಸಂಸಾರ ಹೂಡಿಕೊಡೋದು. ನಮ್ಮ ಕಡೆ ಅಣ್ಣತಮ್ಮಂದಿರು ಪಾಲು ತಗೊಂಡರೆ ‘ಬ್ಯಾರೆ ಆದ್ರು’ ಅಂತೀವಲ್ಲ, ಹಾಗೆ. ಬೇರೆ ಆದದ್ದಕ್ಕೆ ಗುರುತು ನಡುವಿನ ಗೋಡೆ ಅಲ್ಲ, ಒಲೆ. ಗೋಡೆ ಕಟ್ಟಿಯೂ ಊಟ ಹಳೇ ಮನೇಲೇ ಮಾಡ್ತಿದ್ದರೆ ಅದು ಬೇರೆ ಆದಂಗಲ್ಲ.

ಈ ಲೆಕ್ಕದಲ್ಲಿ ಅಮೆರಿಕದ ಎರಡು ಕಾರ್ಟೂನ್ ನೋಡೋಣ. ಎರಡೂ ದೊಡ್ಡವರಿಗಾಗಿ ಮಾಡಿದವು.

ಒಂದು, ‘ದಿ ಕ್ಲೀವ್‌ಲ್ಯಾಂಡ್ ಶೋ’. ‘ಫ್ಯಾಮಿಲಿ ಗೈ’ ಸರಣಿಯಲ್ಲಿ ಪಕ್ಕದ ಮನೆಯವನಾಗಿದ್ದ ಕ್ಲೀವ್‌ಲ್ಯಾಂಡ್ ಬ್ರೌನ್ 2009ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೋದ. ಹೊಸ ಹೆಂಡತಿ, ಹೊಸ ಮಕ್ಕಳು, ಹೊಸ ನೆರೆಹೊರೆ, ಎಲ್ಲ ಸಿಕ್ಕಿತು. ಆದರೆ ಜೋಕಿನ ಅಳತೆ, ಲಯ, ಮನೆಯ ಅಪ್ಪನ ಪೆದ್ದುತನ ಬಹಳ ಮಟ್ಟಿಗೆ ಹಳೇದೇ. ನಾಲ್ಕು ಸೀಸನ್, 88 ಸಂಚಿಕೆ ಓಡಿ 2013ಕ್ಕೆ ನಿಂತಿತು. ಆಮೇಲೆ ಏನಾಯ್ತು ಗೊತ್ತಾ? ಕ್ಲೀವ್‌ಲ್ಯಾಂಡ್ ವಾಪಸ್ ‘ಫ್ಯಾಮಿಲಿ ಗೈ’ಗೇ ಬಂದ. ಊರು ಬಿಟ್ಟಿದ್ದ, ಒಲೆ ಹೂಡಿರಲಿಲ್ಲ.

ಎರಡನೇದು ‘ಡಾರಿಯಾ’. ‘ಬೀವಿಸ್ ಆ್ಯಂಡ್ ಬಟ್‌ಹೆಡ್’ ಅಂತ ಎಂಟಿವಿಯಲ್ಲಿ ಇಬ್ಬರು ಕಿಡಿಗೇಡಿ ಹುಡುಗರ ಕಾರ್ಟೂನ್ ಬರ್ತಿತ್ತು. ಅದರಲ್ಲಿ ಆಗಾಗ ಬಂದು ಒಂದು ಚುಚ್ಚು ಮಾತಾಡಿ ಹೋಗ್ತಿದ್ದ ಜಾಣ ಹುಡುಗಿ ಡಾರಿಯಾ. 1997ರಲ್ಲಿ ಅವಳಿಗೆ ಸ್ವಂತ ಸರಣಿ ಸಿಕ್ಕಿತು. ಮಾಡಿದವರು ಒಂದು ಗಟ್ಟಿ ನಿರ್ಧಾರ ತಗೊಂಡರು: ಆ ಇಬ್ಬರು ಹುಡುಗರನ್ನ ಇಲ್ಲಿ ತೋರಿಸೋದೇ ಇಲ್ಲ. ಮೂಲದಲ್ಲಿ ನಾವು ಹುಡುಗರ ಪೆದ್ದುತನ ನೋಡಿ ನಗ್ತಿದ್ದೆವು. ಇಲ್ಲಿ ಒಬ್ಬ ಜಾಣೆ ತನ್ನ ಸುತ್ತಲಿನ ಶಾಲೆ, ಮನೆ, ಅಪ್ಪ ಅಮ್ಮನನ್ನ ಹೇಗೆ ನೋಡ್ತಾಳೆ ಅನ್ನೋದೇ ನಗೆ. 2002ರ ತನಕ ಐದು ಸೀಸನ್ ನಡೆಯಿತು. ಮೂಲ ನೋಡದೇ ‘ಡಾರಿಯಾ’ ಮೆಚ್ಚಿದವರು ಬೇಕಾದಷ್ಟು ಜನ ಇದ್ದಾರೆ.

ಅಷ್ಟೇ ಯಾಕೆ, ‘ದಿ ಸಿಂಪ್ಸನ್ಸ್’ ಕೂಡ ಹುಟ್ಟಿದ್ದು ಇನ್ನೊಬ್ಬರ ಮನೇಲಿ. 1987ರಲ್ಲಿ ಟ್ರೇಸಿ ಉಲ್ಮನ್ ಅವರ ಹಾಸ್ಯ ಕಾರ್ಯಕ್ರಮದ ನಡುವೆ ಬರ್ತಿದ್ದ ಪುಟ್ಟ ತುಣುಕು ಅದು. 1989ರ ಡಿಸೆಂಬರಿನಲ್ಲಿ ಅರ್ಧ ಗಂಟೆಯ ಸರಣಿಯಾಯಿತು. ಈಗ ಆ ಮೂಲ ಕಾರ್ಯಕ್ರಮ ಎಷ್ಟು ಜನಕ್ಕೆ ನೆನಪಿದೆ ಹೇಳಿ?

ಹಾಗಾದರೆ ನಿಲ್ಲೋಕೆ ಆಗುತ್ತೆ ಅನ್ನೋದು ಖಚಿತ. ಹೇಗೆ ಅನ್ನೋದು ಪ್ರಶ್ನೆ. ಈಗ ನಮ್ಮ ಹತ್ತಿರದ ಭೀಮನ ಕಡೆ ಬರೋಣ. ಇವು ಪಕ್ಕಾ ಸಿಟ್‌ಕಾಂ ಅಲ್ಲ, ಮಕ್ಕಳ ಕಾರ್ಟೂನು. ಆದರೆ ಅದೇ ಊರು, ಅದೇ ಮಂದಿ, ದಿನಕ್ಕೊಂದು ಫಜೀತಿ ಅನ್ನೋ ಕಟ್ಟು ಇಲ್ಲೂ ಇದೆ.

ನಮ್ಮ ಪಕ್ಕದ ಹೈದರಾಬಾದಿನ ಗ್ರೀನ್ ಗೋಲ್ಡ್ ಆ್ಯನಿಮೇಷನ್ ಸಂಸ್ಥೆ, ರಾಜೀವ್ ಚಿಲಕಾ ಅವರ ನೇತೃತ್ವದಲ್ಲಿ ‘ಛೋಟಾ ಭೀಮ್’ ಮಾಡಿತು. 2008ರಲ್ಲಿ ಪೋಗೋ ಚಾನೆಲ್‌ನಲ್ಲಿ ಶುರುವಾಯಿತು. ಢೋಲಕ್‌ಪುರ, ಭೀಮ, ಚುಟ್ಕಿ, ರಾಜು, ಮಂಗ ಜಗ್ಗು, ಎದುರಾಳಿ ಕಾಲಿಯಾ. ಊರಿಗೆ ಕಷ್ಟ ಬರುತ್ತೆ, ಭೀಮ ಲಡ್ಡು ತಿಂತಾನೆ, ಬಲ ಬರುತ್ತೆ, ಕಷ್ಟ ಹೋಗುತ್ತೆ.

ಅದರಿಂದ ಮೊದಲು ‘ಮೈಟಿ ರಾಜು’ ಬೇರೆ ಆದ. ಊರು ಬದಲಾಯ್ತು, ಢೋಲಕ್‌ಪುರದ ಬದಲು ಆರ್ಯನಗರ ಅನ್ನೋ ಪಟ್ಟಣ. ಮನೆಯಲ್ಲಿ ಅಪ್ಪ ಅಮ್ಮ ಬಂದರು. ಆದರೂ ಕತೆಯ ಬೆನ್ನೆಲುಬು ಅದೇ: ಕೆಟ್ಟವನು ಬರ್ತಾನೆ, ಪುಟ್ಟ ಹುಡುಗ ತನ್ನ ಬಲದಿಂದ ಸೋಲಿಸ್ತಾನೆ. ಮಕ್ಕಳು ಖುಷಿಯಿಂದ ನೋಡಿದರು, ಸುಳ್ಳಲ್ಲ. ಆದರೆ ನನ್ನ ಮಟ್ಟಿಗೆ ಅದು ಹಳೇ ಮನೆಯ ಪಡಸಾಲೆಯಲ್ಲೇ ಹಾಸಿದ ಇನ್ನೊಂದು ಚಾಪೆ.

2019ರ ಏಪ್ರಿಲ್ 12ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ‘ಮೈಟಿ ಲಿಟಲ್ ಭೀಮ್’ ಬಂತು. ಇಲ್ಲಿ ಎರಡು ದೊಡ್ಡ ಬದಲಾವಣೆ ಇವೆ.

ಮೊದಲನೇದು, ಮಾತು ತೆಗೆದುಬಿಟ್ಟರು. ಸಂಗೀತ ಇದೆ, ನಗು ಇದೆ, ಅಳು ಇದೆ, ಕೂಸಿನ ತೊದಲು ಇದೆ. ಸಂಭಾಷಣೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹೀಗಾಗಿ ಯಾವ ದೇಶದ ಮಗುವಿಗೂ ಡಬ್ಬಿಂಗ್ ಬೇಕಾಗಲಿಲ್ಲ. ಆ ವರ್ಷ ನೆಟ್‌ಫ್ಲಿಕ್ಸೇ ಹೇಳಿಕೊಂಡ ಲೆಕ್ಕದ ಪ್ರಕಾರ ಭಾರತದ ಹೊರಗೆ 2.7 ಕೋಟಿ ಮನೆಗಳಲ್ಲಿ ಇದನ್ನ ನೋಡಿದರು. ಅವರಲ್ಲಿ ಬಹುತೇಕರು ಛೋಟಾ ಭೀಮನ ಹೆಸರೂ ಕೇಳಿರಲಿಕ್ಕಿಲ್ಲ.

ಎರಡನೇದು ನನಗೆ ಇನ್ನೂ ಮುಖ್ಯ ಅನ್ನಿಸಿದ್ದು. ಛೋಟಾ ಭೀಮನಲ್ಲಿ ಬಲ ಅನ್ನೋದು ಕಷ್ಟಕ್ಕೆ ಪರಿಹಾರ. ಲಿಟಲ್ ಭೀಮನಲ್ಲಿ ಬಲವೇ ಕಷ್ಟ! ಈ ಕೂಸಿಗೆ ತನ್ನ ಕೈಯಲ್ಲಿ ಎಷ್ಟು ಶಕ್ತಿ ಇದೆ ಅಂತಾನೇ ಗೊತ್ತಿಲ್ಲ. ಲಡ್ಡು ಬೇಕು ಅಂತ ಹೊರಡುತ್ತೆ, ದಾರಿಯಲ್ಲಿ ಊರೆಲ್ಲ ಅಲ್ಲೋಲಕಲ್ಲೋಲ. ಲಡ್ಡು ಅದೇ, ಬಲ ಅದೇ, ಆದರೆ ನಗೆ ಹುಟ್ಟೋ ಜಾಗ ತಿರುಗುಮುರುಗು ಆಗಿದೆ. ಇದಕ್ಕೇ ನಾನು ಬೇರೆ ಒಲೆ ಅನ್ನೋದು.

ಇಲ್ಲೊಂದು ಆಕ್ಷೇಪ ಬರಬಹುದು. ಭೀಮನ ಹೆಸರಿಲ್ಲದಿದ್ದರೆ ನಮ್ಮ ದೇಶದ ಅಪ್ಪ ಅಮ್ಮಂದಿರು ಅದನ್ನ ಒತ್ತುತ್ತಿದ್ದರಾ? ನಾನೇ ಒತ್ತುತ್ತಿರಲಿಲ್ಲ, ಒಪ್ಪಿಕೊಳ್ತೀನಿ. ಹೆಸರು ಬಾಗಿಲು ತೆಗೆಸುತ್ತೆ. ಆದರೆ ಒಳಗೆ ಬಂದವರನ್ನ ಕೂರಿಸೋದು ಹೆಸರಲ್ಲ.

ಭೀಮನ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ ಹೇಳಲೇಬೇಕು. ಭೀಮನ ಸ್ಪಿನ್-ಆಫ್ ಕನ್ನಡಕ್ಕೆ ಹೊಸದಲ್ಲ, ಸಾವಿರ ವರ್ಷ ಹಳೇದು. ಕಾಲೇಜಲ್ಲಿ ಓದಿದ್ದು ನೆನಪಿಸಿಕೊಳ್ಳಿ. ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ. 14 ಆಶ್ವಾಸ, ನಾಯಕ ಅರ್ಜುನ. ಆ ಶತಮಾನ ಮುಗಿಯುವ ಹೊತ್ತಿಗೆ ಮುಧೋಳದ ರನ್ನ ಬಂದ. ಪಂಪನ 13ನೇ ಆಶ್ವಾಸದ ಕತೆಯನ್ನ ಎತ್ತಿಕೊಂಡು 10 ಆಶ್ವಾಸದ ‘ಸಾಹಸಭೀಮ ವಿಜಯ’ ಕಟ್ಟಿದ. ಅದೇ ನಮ್ಮ ‘ಗದಾಯುದ್ಧ’. ಪಂಪನಲ್ಲಿ ಅರ್ಜುನನ ಹಿಂದೆ ನಿಂತಿದ್ದ ಭೀಮ ಇಲ್ಲಿ ನಾಯಕ. ರನ್ನನಿಗೆ ಆಶ್ರಯ ಕೊಟ್ಟ ಚಾಲುಕ್ಯರ ರಾಜಧಾನಿ ಮೊದಲು ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ, ಆಮೇಲೆ ಆಳಂದದ ಪಕ್ಕದ ಬಸವಕಲ್ಯಾಣ. ಅಂದ್ರೆ ಇದು ದೂರದ ಮಾತಲ್ಲ.

ರನ್ನ ಏನು ಮಾಡಿದ? ಕತೆಯನ್ನ ಮೊದಲಿಂದ ಹೇಳಲಿಲ್ಲ. ಯುದ್ಧದ ಕೊನೆಗೆ ನಿಂತು ಹಿಂದಕ್ಕೆ ನೋಡಿದ. ಅದಕ್ಕೆ ಸಿಂಹಾವಲೋಕನ ಕ್ರಮ ಅಂತಾರೆ. ಮತ್ತೊಂದು ಮಜಾ ನೋಡಿ: ಹೆಸರಿಗೆ ಭೀಮ ನಾಯಕ, ಓದಿ ಮುಗಿಸಿದಾಗ ಮನಸ್ಸಲ್ಲಿ ಉಳಿಯೋನು ದುರ್ಯೋಧನ.

ಇಲ್ಲಿ ನನ್ನ ಅಳತೆಗೋಲು ಸ್ವಲ್ಪ ತಿದ್ದಿಕೊಳ್ಳಬೇಕಾಯ್ತು. ಮೂಲ ಗೊತ್ತಿಲ್ಲದವರಿಗೂ ಅರ್ಥವಾದರೆ ಸ್ಪಿನ್-ಆಫ್ ಗೆದ್ದಂತೆ ಅಂದುಕೊಂಡಿದ್ದೆ. ಆದರೆ ರನ್ನನ ಕೇಳುಗರಿಗೆ ಮಹಾಭಾರತ ಬಾಯಿಪಾಠ ಇದ್ದಿರಬೇಕು. ಆದರೂ ಅವನ ಕಾವ್ಯ ನಿಂತಿತು. ಯಾಕಂದ್ರೆ ಗೊತ್ತಿದ್ದವರಿಗೂ ಅದು ಪಂಪನಲ್ಲಿ ಸಿಗದ ಒಂದನ್ನ ಕೊಟ್ಟಿತು. ಹಾಗಾಗಿ ಪ್ರಶ್ನೆ ಎರಡು. ಗೊತ್ತಿಲ್ಲದವರು ಕೂತು ನೋಡ್ತಾರಾ? ಗೊತ್ತಿದ್ದವರಿಗೆ ಹೊಸದೇನಾದ್ರೂ ಸಿಗುತ್ತಾ? ಎರಡಕ್ಕೂ ಹೌದು ಅಂದ್ರೆ ಅಂಥ ಕತೆಗೆ ಅಪ್ಪನ ಹೆಸರಿನ ಆಸರೆ ಬೇಕಾಗಲ್ಲ. ಎರಡಕ್ಕೂ ಇಲ್ಲ ಅಂದ್ರೆ ಅದು ಬರೀ ಅಂಗಡಿಯ ಎರಡನೇ ಬೋರ್ಡು.

ನಮ್ಮ ಪಡಸಾಲೆಯಲ್ಲಿ ಆ ಸಂಜೆ ಎರಡೂ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಹುಡುಗನಿಗೆ ಛೋಟಾ ಭೀಮ ಗೊತ್ತು, ಅವ್ವನಿಗೆ ಗೊತ್ತಿಲ್ಲ. ಇಬ್ಬರೂ ಒಂದೇ ಹೊತ್ತಿಗೆ ನಕ್ಕರು.

ಆದರೂ ನನ್ನೊಳಗೆ ಒಂದು ಕಸಿವಿಸಿ ಉಳಿದಿದೆ. ನಾನು ಚಿಕ್ಕವನಿದ್ದಾಗ, 2009ರಲ್ಲಿ ಚಿಂಟು ಟಿವಿ ಬಂತು, ಡೋರಾ ನಮ್ಮ ಜೊತೆ ಕನ್ನಡದಲ್ಲಿ ಮಾತಾಡಿದಳು. ನನ್ನ ಅಣ್ಣನ ಮಗನ ಮುಂದೆ ಈಗ ಎರಡೇ ದಾರಿ ಕಾಣ್ತಿವೆ: ಮೊಬೈಲಿನ ಹಿಂದಿ ಭೀಮ, ಇಲ್ಲಾ ಮಾತೇ ಇಲ್ಲದ ಭೀಮ. ಮೂರು ವರ್ಷದ ಮಗು ಮಾತು ಕಲಿಯೋ ವಯಸ್ಸು. ಮಾತಿಲ್ಲದ ಕಾರ್ಟೂನು ಎಲ್ಲರದೂ ಹೌದು, ಆದರೆ ಅದರಿಂದ ಅವನಿಗೆ ಒಂದು ಕನ್ನಡ ಪದವೂ ಸಿಗಲ್ಲ.

ಹೀಗೇ ಯೋಚಿಸ್ತಾ ಮರುದಿನ ಬಾಗಿಲಲ್ಲಿ ನಿಂತು ನೋಡಿದೆ. ಮೊಬೈಲನ್ನ ತಂಬಿಗೆಗೆ ಒರಗಿಸಿಟ್ಟಿದ್ದರು. ಪರದೆ ಮೇಲೆ ಕೂಸು ಭೀಮ ಮೆಲ್ಲಗೆ ಲಡ್ಡು ಕಡೆ ಹೋಗ್ತಿದ್ದ. ಅವ್ವ ರೊಟ್ಟಿ ಮುರೀತಾ ಹೇಳ್ತಿದ್ದಳು: “ನೋಡ್ ನೋಡ್, ಹೊಂಟ ಕಳ್ಳ. ಅವ್ವ ಆಕಡಿ ಹೋಗೂದೇ ತಡ, ಉಂಡಿಗಿ ಕೈ ಹಾಕ್ತಾನ. ಏ, ಬಿತ್ತಲ್ಲೋ ಗಡಗಿ!” ಹುಡುಗ ಬಾಯಿ ತೆರೆದು ಕೇಳ್ತಿದ್ದ, ತುತ್ತು ಒಳಗೆ ಹೋಗ್ತಿತ್ತು. ಅವರು ಖಾಲಿ ಬಿಟ್ಟ ಜಾಗದಲ್ಲಿ ಅವ್ವ ತನ್ನ ಮಾತು ತುಂಬಿಸಿದ್ದಳು. ಹಿಂದಿ ಕಾರ್ಟೂನಲ್ಲಿ ಅವಳಿಗೆ ಆ ಜಾಗವೇ ಇರಲಿಲ್ಲ.

ನಾನು ವಾಪಸ್ ಬಂದ ಮೇಲೆ ಅವ್ವ ಫೋನಲ್ಲಿ ಹೇಳಿದಳು. ಈಗ ಅವನು ಬರೀ ಕಾರ್ಟೂನ್ ಹಚ್ಚು ಅನ್ನಲ್ಲವಂತೆ. “ಆಯಿ, ಹಚ್ಚು. ನೀ ಹೇಳು” ಅಂತಾನಂತೆ.

ನಿಮ್ಮ ಮನೆಯಲ್ಲೂ ಪುಟ್ಟ ಮಗು ಇದ್ದರೆ ಈ ವಾರ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಮೂಲಕ್ಕಿಂತ ನಿಮಗೆ ಹೆಚ್ಚು ಹಿಡಿಸಿದ ಸ್ಪಿನ್-ಆಫ್ ಯಾವುದಾದ್ರೂ ಇದ್ದರೆ ಅದರ ಹೆಸರು, ಯಾಕೆ ಅನ್ನೋದು, ಒಂದು ನಿಮಿಷದ ಧ್ವನಿ ಸಂದೇಶದಲ್ಲಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ.