ಕಾರವಾರದ ಎದುರಿನ ಅಂಜುದೀವ ಗೋವೆಗೆ ಸೇರಿದ್ದೇಕೆ?

ಕಾರವಾರದ ದಕ್ಷಿಣಕ್ಕೆ, ಬಿಣಗಾ ಕಡಲತೀರದ ಸಮೀಪದಲ್ಲಿಯೇ ಅಂಜುದೀವ ದ್ವೀಪವಿದೆ. ಎದುರಿನ ದಡ ಕರ್ನಾಟಕದ್ದು. ದ್ವೀಪ ಮಾತ್ರ ಆಡಳಿತದ ಲೆಕ್ಕದಲ್ಲಿ ಗೋವೆಯ ಕಾಣಕೋಣ ತಾಲ್ಲೂಕಿನದು. ಇದಕ್ಕೆ ಕಾರಣ ಭೂಗೋಳವಲ್ಲ, ಅಲ್ಲಿನ ಪೋರ್ಚುಗೀಸ್ ಕೋಟೆ.

ಸಿಹಿನೀರು ದೊರೆಯುತ್ತಿದ್ದ ಈ ದ್ವೀಪದಲ್ಲಿ 1498ರಲ್ಲಿ ವಾಸ್ಕೋ ಡ ಗಾಮ ಲಂಗರು ಹಾಕಿ ಹಡಗುಗಳನ್ನು ದುರಸ್ತಿ ಮಾಡಿಸಿಕೊಂಡಿದ್ದ. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ಡ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿದ. ಆದರೆ ಮರುವರ್ಷವೇ ಅದು ದಾಳಿಗೆ ತುತ್ತಾಯಿತು. ಕಾಯುವುದು ಕಷ್ಟವೆಂದರಿತ ಪೋರ್ಚುಗೀಸರು ತಾವೇ ಕೋಟೆಯನ್ನು ಕೆಡವಿ ಹೊರಟರು.

ದ್ವೀಪದ ಅತಿ ದಾರುಣ ಅಧ್ಯಾಯ ಇಂಗ್ಲಿಷರದು. 1661ರ ವಿವಾಹ ಒಪ್ಪಂದದಂತೆ ಮುಂಬಯಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ಬಳುವಳಿಯಾಗಿ ದೊರೆತಿತ್ತು. ಅದನ್ನು ವಹಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಡನೆ ಬಂದಾಗ ಪೋರ್ಚುಗೀಸ್ ಅಧಿಕಾರಿಗಳು ಹಸ್ತಾಂತರಕ್ಕೆ ಒಪ್ಪಲಿಲ್ಲ. ಪಡೆ ಅಂಜುದೀವದಲ್ಲಿ ಬೀಡುಬಿಟ್ಟು ಕಾಯಬೇಕಾಯಿತು. ಮಳೆ ಮತ್ತು ರೋಗಗಳಿಗೆ ಸೈನಿಕರು ಒಬ್ಬೊಬ್ಬರಾಗಿ ಬಲಿಯಾದರು. 1664ರಲ್ಲಿ ಶಿಪ್‌ಮನ್ ಕೂಡ ತೀರಿಕೊಂಡ. 1665ರಲ್ಲಿ ಮುಂಬಯಿ ಕೈಸೇರುವಾಗ ಉಳಿದಿದ್ದವರು ನೂರರ ಆಸುಪಾಸು.

ಮರಾಠ ದೊರೆ ಸಂಭಾಜಿ ಈ ದ್ವೀಪದ ಮೇಲೆ ಕಣ್ಣಿಟ್ಟಿದ್ದರಿಂದ 1682ರಲ್ಲಿ ಪೋರ್ಚುಗೀಸರು ಮರಳಿ ಬಂದು ಹೊಸ ಕೋಟೆ ಕಟ್ಟಿದರು. ಗಡಿಯನ್ನು ನಿರ್ಧರಿಸಿದ್ದು ಈ ಎರಡನೆಯ ಕೋಟೆಯೇ. ಎದುರಿನ ದಡ ಸೋದೆಯ ಅರಸರಿಂದ ಹೈದರಾಲಿಗೆ, 1799ರ ಬಳಿಕ ಇಂಗ್ಲಿಷರಿಗೆ ಹೋಯಿತು. ದ್ವೀಪ ಪೋರ್ಚುಗೀಸರಲ್ಲಿಯೇ ಉಳಿಯಿತು. 1947ರಲ್ಲಿ ಕಾರವಾರ ಸ್ವತಂತ್ರವಾದಾಗಲೂ ಎದುರಿಗೆ ಪರದೇಶಿ ಬಾವುಟ ಹಾರುತ್ತಿತ್ತು.

1961ರ ನವೆಂಬರಿನಲ್ಲಿ ದ್ವೀಪದಿಂದ 'ಸಾಬರಮತಿ' ಹಡಗಿನ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಮೀನುಗಾರನೊಬ್ಬ ಗುಂಡಿಗೆ ಬಲಿಯಾದ. ಕರಾವಳಿಯಲ್ಲಿ ಆಕ್ರೋಶ ಭುಗಿಲೆದ್ದಿತು. ಡಿಸೆಂಬರ್ 18ರಂದು ನೌಕಾಪಡೆಯ 'ತ್ರಿಶೂಲ್' ಮತ್ತು 'ಮೈಸೂರು' ಹಡಗುಗಳ ಬೆಂಬಲದೊಂದಿಗೆ ನಾವಿಕರು ದ್ವೀಪಕ್ಕೆ ಇಳಿದರು. ಈ ಕಾರ್ಯಾಚರಣೆಯಲ್ಲಿ 7 ನಾವಿಕರು ಪ್ರಾಣತೆತ್ತರು. ಗೋವೆಯ ವಿಮೋಚನೆಯೊಂದಿಗೆ ಅಂಜುದೀವವೂ ಭಾರತದ್ದಾಯಿತು. ಪೋರ್ಚುಗೀಸ್ ಪ್ರದೇಶವೆಂಬ ಕಾರಣಕ್ಕೆ ಗೋವೆಯ ಪಾಲಿಗೆ ಬಂದಿತು.

2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯ ಅಲೆತಡೆಗೋಡೆ ದ್ವೀಪವನ್ನು ಇಂದು ದಡಕ್ಕೆ ಜೋಡಿಸಿದೆ. ಸಾರ್ವಜನಿಕರಿಗೆ ಅಲ್ಲಿ ಮುಕ್ತ ಪ್ರವೇಶವಿಲ್ಲ. ಕಲ್ಲಿನ ಗೋಡೆ ಕಾರವಾರಕ್ಕೆ ಕೂಡಿಸಿದರೂ, ಕಾಗದದ ಮೇಲಿನ ಗಡಿ ಹಳೆಯ ಕೋಟೆ ಎಳೆದಂತೆಯೇ ಇದೆ.