ಹುಲ್ಲಿನ ರಾಶಿಯ ಮೇಲೊಂದು ಹವಾಮಾನ ಕಚೇರಿ

ನರ್ಸರಿಗೆ ಹೋಗಿ ಕುಂಡದ ಗಿಡಕ್ಕೆಂದು ಕೋಕೋಪೀಟ್ ತರುವವರು ಆ ಹೆಸರಿನ ಬಾಲದಲ್ಲಿರುವ ‘ಪೀಟ್’ ಏನೆಂದು ಕೇಳುವುದು ಕಡಿಮೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡಿನ ಜೌಗು ನೆಲದಲ್ಲಿ ಪಾಚಿ, ಹುಲ್ಲುಗಳು ಸಾವಿರಾರು ವರ್ಷ ಅರೆಬರೆ ಕೊಳೆತು ಪದರಪದರವಾಗಿ ಕೂತ ಕಪ್ಪು ಮಣ್ಣು ಅದು. ಇಟ್ಟಿಗೆಯಂತೆ ಕೊಯ್ದು, ಹರವಿ ಒಣಗಿಸಿ, ನಾವು ಬೆರಣಿ ಉರಿಸುವ ಹಾಗೆ ಅಲ್ಲಿಯವರು ಒಲೆಗೆ ಹಾಕುತ್ತಿದ್ದರು. ತೊಂದರೆ ಒಂದೇ, ಅದರ ಮೈತುಂಬ ನೀರು. ಬಸಿಯದೆ ಕೊಯ್ಯುವಂತಿಲ್ಲ. 1906ರಲ್ಲಿ ನ್ಯಾಷನಲ್ ಪೀಟ್ ಇಂಡಸ್ಟ್ರೀಸ್ ಎಂಬ ಕಂಪನಿಗೆ ಕೆಮಿಸ್ಟ್ ಆಗಿ ಸೇರಿದ ಯುವಕನೊಬ್ಬನ ಮುಂದೆ ಬಂದ ಪ್ರಶ್ನೆ ಇದು: ವರ್ಷಕ್ಕೆ ಇಂತಿಷ್ಟು ಮಳೆ ಬೀಳುವ ಜೌಗಿನಲ್ಲಿ ಬಸಿಗಾಲುವೆಗಳನ್ನು ಹೇಗೆ ತೆಗೆಯಬೇಕು?

ಇಂದು ಬೆಳಿಗ್ಗೆ ನಿಮ್ಮ ಫೋನು ‘ಸಂಜೆ ಮಳೆ’ ಎಂದು ಹೇಳಿದ್ದರೆ ಅದರ ಬೇರು ಈ ಕಾಲುವೆಯಲ್ಲಿದೆ.

ಯುವಕನ ಹೆಸರು ಲೂಯಿಸ್ ಫ್ರೈ ರಿಚರ್ಡ್‌ಸನ್. 1881ರಲ್ಲಿ ನ್ಯೂಕಾಸಲ್‌ನಲ್ಲಿ ಹುಟ್ಟಿದವರು, ಏಳು ಮಕ್ಕಳಲ್ಲಿ ಕೊನೆಯವರು. ತಂದೆಯದು ಚರ್ಮ ಹದ ಮಾಡುವ ಉದ್ಯಮ. ಮನೆತನ ಕ್ವೇಕರ್ ಪಂಥದ್ದು, ಯಾವ ಕಾರಣಕ್ಕೂ ಆಯುಧ ಹಿಡಿಯಬಾರದೆಂಬ ಪಂಥ. ಓದಿದ್ದು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ.

ಮಣ್ಣಿನೊಳಗೆ ನೀರು ಹರಿಯುವ ಬಗೆಗೆ ಸಮೀಕರಣಗಳು ಮೊದಲೇ ಇದ್ದವು. ಆದರೆ ವೃತ್ತ, ಆಯತದಂಥ ಚೊಕ್ಕ ಆಕಾರ ಕೊಟ್ಟರಷ್ಟೇ ಅವನ್ನು ಬಿಡಿಸಲು ಬರುತ್ತಿತ್ತು. ಜೌಗು ಅಷ್ಟು ಶಿಸ್ತಾಗಿರುವುದಿಲ್ಲ. ರಿಚರ್ಡ್‌ಸನ್ ಹಿಡಿದ ದಾರಿಯನ್ನು ಹೀಗೆ ನೋಡಬಹುದು. ಕೆಳಗೆ ಉರಿಯಿಲ್ಲದೆ ಅಂಚಿನಿಂದಷ್ಟೇ ಕಾಯುವ ಒಂದು ಕಾವಲಿ ಇದೆ ಅನ್ನಿ. ಅಂಚಿನಲ್ಲಿ ಎಲ್ಲೆಲ್ಲಿ ಎಷ್ಟು ಬಿಸಿ ಎಂಬುದು ಗೊತ್ತು, ನಡುವೆ ಎಷ್ಟೆಂದು ಹೇಳಬೇಕು. ಕಾವಲಿಯ ಮೇಲೆ ಚೌಕಾಬಾರದ ಹಾಗೆ ಮನೆ ಎಳೆಯಿರಿ. ಒಳಗಿನ ಮನೆಗಳಿಗೆಲ್ಲ ತೋಚಿದ ಅಂಕಿ ತುಂಬಿ. ಆಮೇಲೆ ಒಂದೊಂದೇ ಮನೆಗೆ ಹೋಗಿ, ಅದರ ನಾಲ್ಕು ನೆರೆಮನೆಗಳ ಸರಾಸರಿ ತೆಗೆದು ಹಳೆಯ ಅಂಕಿಯ ಜಾಗದಲ್ಲಿ ಬರೆಯಿರಿ. ಸುತ್ತ 80, 60, 40, 20 ಇದ್ದರೆ ನಡುವಿನದು 50. ಎಲ್ಲ ಮನೆ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಹೀಗೇ ಸುತ್ತು ಹಾಕುತ್ತಿದ್ದರೆ ಒಂದು ಹೊತ್ತಿಗೆ ಅಂಕಿಗಳು ಕದಲದೆ ನಿಲ್ಲುತ್ತವೆ. ಅದೇ ಉತ್ತರ. ರಿಚರ್ಡ್‌ಸನ್ನರ ವಿಧಾನ ಇದಕ್ಕಿಂತ ಚುರುಕು, ತಿರುಳು ಮಾತ್ರ ಇದೇ. ಕಲನಶಾಸ್ತ್ರದ ಗಂಟನ್ನು ಕೂಡುವ, ಕಳೆಯುವ, ಭಾಗಿಸುವ ಕೆಲಸಕ್ಕೆ ಇಳಿಸಿಬಿಟ್ಟರು. ಬುದ್ಧಿಗಿಂತ ತಾಳ್ಮೆ ಬೇಡುವ ಕೆಲಸ.

ತಾಳ್ಮೆಯನ್ನು ಕೂಲಿಗೆ ಕೊಂಡರು. ಈ ವಿಧಾನದಿಂದ ಕಲ್ಲಿನ ಅಣೆಕಟ್ಟೊಂದರ ಒಳಗಿನ ಒತ್ತಡಗಳನ್ನು ಕಂಡುಹಿಡಿದು 1910ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲೇ ಅದರ ದರ ಬರೆದಿದ್ದಾರೆ. ಲೆಕ್ಕದ ಒಂದೊಂದು ಬಿಂದುವಿಗೂ, ಅಂಕಿ ಎಷ್ಟು ಸ್ಥಾನದ್ದೋ ಅದನ್ನು 18ರಿಂದ ಭಾಗಿಸಿದಷ್ಟು ಪೆನ್ನಿ. ಅಂದರೆ ಮೂರಂಕಿಯ ಲೆಕ್ಕಕ್ಕೆ ಪೆನ್ನಿಯ ಆರನೆಯ ಒಂದು ಪಾಲು. ತುಂಬ ಚುರುಕಾದ ಹುಡುಗನೊಬ್ಬ ವಾರಕ್ಕೆ 2,000 ಲೆಕ್ಕ ಮಾಡುತ್ತಿದ್ದ, ತಪ್ಪಿದ್ದನ್ನು ಬಿಟ್ಟು. ಹುಡುಗರಿಗೆ ಹೆಚ್ಚು ಕಾಟ ಕೊಟ್ಟದ್ದು ಪ್ಲಸ್ಸು ಮೈನಸ್ಸುಗಳು ಬೆರೆತುಹೋಗುತ್ತಿದ್ದುದಂತೆ. ‘ಕಂಪ್ಯೂಟರ್’ ಎಂದರೆ ಆಗ ಹೀಗೆ ಕೂತು ಲೆಕ್ಕ ಮಾಡುವ ಮನುಷ್ಯ. ಈ ಪ್ರಬಂಧವನ್ನೇ ಮುಂದಿಟ್ಟು ಕಿಂಗ್ಸ್ ಕಾಲೇಜಿನಲ್ಲಿ ಫೆಲೋಶಿಪ್ ಕೇಳಿದರು. ಕೊಡಲಿಲ್ಲ. ಸರಿಸುಮಾರಿನ ಉತ್ತರ ಅಲ್ಲಿನ ಗಣಿತಜ್ಞರ ಕಣ್ಣಿಗೆ ಗಣಿತವಾಗಿ ಕಂಡಿರಲಿಕ್ಕಿಲ್ಲ.

1913ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆ ಅವರನ್ನು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯಕ್ಕೆ ಮುಖ್ಯಸ್ಥರನ್ನಾಗಿ ಕಳಿಸಿತು. ಆಗಿನ ಮುನ್ಸೂಚನೆ ಪಂಚಾಂಗಕ್ಕಿಂತ ಬಹಳ ದೂರವೇನೂ ಇರಲಿಲ್ಲ. ಇಂದಿನ ನಕ್ಷೆಗೆ ಹೋಲುವ ಹಳೆಯ ನಕ್ಷೆ ಹುಡುಕುವುದು, ಆಗ ಮರುದಿನ ಏನಾಗಿತ್ತೋ ಈಗಲೂ ಅದೇ ಆದೀತು ಎನ್ನುವುದು. ರಿಚರ್ಡ್‌ಸನ್ನರಿಗೆ ಇದು ಒಗ್ಗಲಿಲ್ಲ. ಗಾಳಿಯೂ ಪೀಟಿನೊಳಗಿನ ನೀರಿನಂತೆ ಭೌತಶಾಸ್ತ್ರಕ್ಕೆ ಕಟ್ಟುಬಿದ್ದದ್ದು ತಾನೆ? ಭೂಮಿಯ ಮೇಲೂ ಮನೆ ಎಳೆದರಾಯಿತು. 200 ಕಿ.ಮೀ. ಅಗಲದ ಚೌಕಗಳು, ಮೇಲಕ್ಕೆ ಐದು ಪದರ. ಪ್ರತಿ ಮನೆಯಲ್ಲೂ ಒತ್ತಡ, ಗಾಳಿ, ಉಷ್ಣತೆ, ತೇವ. ಈ ಮನೆಯ ಮುಂದಿನ ಗತಿಯನ್ನು ನೆರೆಮನೆಗಳು ಹೇಳುತ್ತವೆ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಬಂದೂಕು ಹಿಡಿಯಲು ಒಪ್ಪದೆ 1916ರಲ್ಲಿ ಕೆಲಸ ಬಿಟ್ಟು, ಕ್ವೇಕರರ ಆಂಬುಲೆನ್ಸ್ ತಂಡ ಸೇರಿ ಫ್ರಾನ್ಸಿಗೆ ಹೋದರು. ಫ್ರೆಂಚ್ ಸೇನೆಯ 16ನೇ ಕಾಲಾಳು ವಿಭಾಗದ ಗಾಯಾಳುಗಳನ್ನು ಸಾಗಿಸುವ ಕೆಲಸ. ಜಗತ್ತಿನ ಮೊದಲ ಗಣಿತದ ಹವಾಮುನ್ಸೂಚನೆ ಹುಟ್ಟಿದ್ದು ಅಲ್ಲಿ, ಗಾಡಿ ಓಡಿಸುವ ಸರದಿಗಳ ನಡುವೆ, ತಣ್ಣನೆಯ ಬಿಡಾರದಲ್ಲಿ ಹುಲ್ಲಿನ ರಾಶಿಯ ಮೇಲೆ. ಅದನ್ನೇ ತಮ್ಮ ಕಚೇರಿ ಎಂದು ಕರೆದುಕೊಂಡಿದ್ದಾರೆ. ಆರಿಸಿಕೊಂಡದ್ದು ಹಳೆಯ ದಿನ, 1910ರ ಮೇ 20. ಅಂದು ಬೆಳಗಿನ 7 ಗಂಟೆಗೆ ಮಧ್ಯ ಯುರೋಪಿನ ಮೇಲೆ ಬಲೂನುಗಳು ಹೊತ್ತು ತಂದ ಅಳತೆಗಳು ಅಚ್ಚಾಗಿದ್ದವು. ಅವನ್ನು ಹಿಡಿದು, ಆರು ಗಂಟೆಗಳಲ್ಲಿ ಆಗುವ ಬದಲಾವಣೆಯನ್ನು ಬರಿಗೈಯಲ್ಲಿ, ಕಾಗದದ ಮೇಲೆ ಲೆಕ್ಕ ಹಾಕುವುದು. ಲೆಕ್ಕದ ನಮೂನೆಗಳನ್ನು ತಯಾರಿಸಿ ಎರಡು ಚೌಕಗಳ ಮೇಲೆ ನಿಂತ ಗಾಳಿಯ ಕಂಬಗಳನ್ನು ಮುಗಿಸಲು ಹತ್ತಿರಹತ್ತಿರ ಆರು ವಾರ ಹಿಡಿಯಿತು. ಆರು ಗಂಟೆಯ ಹವೆಗೆ ಆರು ವಾರ!

ಉತ್ತರ ಬಂತು. ಮ್ಯೂನಿಕ್ ಹತ್ತಿರದ ಚೌಕದಲ್ಲಿ ಒತ್ತಡ 145 ಮಿಲಿಬಾರ್ ಏರುತ್ತದೆ. ನಿಜಕ್ಕೂ ಅಂದು ಅಲ್ಲಿ ಬಾರೋಮೀಟರು ಹೆಚ್ಚುಕಡಿಮೆ ಕದಲಿರಲಿಲ್ಲ. ಅಷ್ಟು ಒತ್ತಡ ಆರು ತಾಸಿನಲ್ಲಿ ಏರುವ ಜಾಗ ಈ ಭೂಮಿಯ ಮೇಲೆ ಇಲ್ಲ.

ಎಲ್ಲಿ ತಪ್ಪಿತು? ಕೂಡಿ ಕಳೆದದ್ದರಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ. ಜಾತ್ರೆಯ ಬಯಲಿಗೆ ನಾಲ್ಕು ದಾರಿಗಳಿವೆ, ಒಳಗೆ ಬಂದವರನ್ನೂ ಹೊರಗೆ ಹೋದವರನ್ನೂ ಎಣಿಸಿ ಬಯಲಲ್ಲಿ ಎಷ್ಟು ಮಂದಿ ಹೆಚ್ಚಾದರು ಎಂದು ಹೇಳಬೇಕು ಎಂದಿಟ್ಟುಕೊಳ್ಳಿ. ಒಂದೊಂದು ದಾರಿಯಲ್ಲೂ ಸಾವಿರಗಟ್ಟಲೆ ಜನ. ಒಂದು ಕಡೆ ನೂರಕ್ಕೆ ಐದು ಎಣಿಕೆ ತಪ್ಪಿದರೂ ಬಯಲಲ್ಲಿ ಇಲ್ಲದ ಜನಜಂಗುಳಿ ಲೆಕ್ಕದಲ್ಲಿ ಎದ್ದು ನಿಲ್ಲುತ್ತದೆ. ಗಾಳಿಯ ಕಂಬಕ್ಕೂ ಹಾಗೆಯೇ. ನುಗ್ಗುವ ಗಾಳಿ, ಹೊರಡುವ ಗಾಳಿ ಎರಡೂ ಅಗಾಧ, ಅವುಗಳ ವ್ಯತ್ಯಾಸ ಚಿಟಿಕೆಯಷ್ಟು. ಬಲೂನಿನ ಅಳತೆಗಳ ಸಣ್ಣ ಏರುಪೇರು ಆ ವ್ಯತ್ಯಾಸವನ್ನು ನುಂಗಿಹಾಕಿತು. ತೊಂಬತ್ತರ ದಶಕದಲ್ಲಿ ಐರ್ಲೆಂಡಿನ ಹವಾಮಾನ ವಿಜ್ಞಾನಿ ಪೀಟರ್ ಲಿಂಚ್ ಅದೇ ಅಂಕಿಗಳನ್ನು ಅದೇ ವಿಧಾನದಲ್ಲಿ ಕಂಪ್ಯೂಟರಿಗೆ ಉಣ್ಣಿಸಿ, ಮೊದಲು ಆ ಏರುಪೇರಿನ ಗದ್ದಲವನ್ನು ಸೋಸಿ ತೆಗೆದು ನೋಡಿದರು. 145 ಇದ್ದದ್ದು ಒಂದು ಮಿಲಿಬಾರಿಗಿಂತ ಕಡಿಮೆಗೆ ಇಳಿಯಿತು. ವಿಧಾನ ಸರಿಯಾಗಿಯೇ ಇತ್ತು, ಕೈಗೆ ಬಂದ ಅಕ್ಕಿಯಲ್ಲಿ ಕಲ್ಲಿತ್ತು.

1917ರ ಏಪ್ರಿಲ್‌ನಲ್ಲಿ ಷಾಂಪೇನ್ ಕಾಳಗದ ಹೊತ್ತಿಗೆ ಈ ಕೆಲಸದ ಹಸ್ತಪ್ರತಿಯನ್ನು ರಣರಂಗದ ಹಿಂದಿನ ನೆಲೆಗೆ ಕಳಿಸಿದರು, ಕಳೆದುಹೋಯಿತು. ತಿಂಗಳುಗಳ ಮೇಲೆ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ಸಿಕ್ಕಿತು. ಪೀಟಿನ ಜೌಗಿನಲ್ಲಿ ಹುಟ್ಟಿದ ವಿಧಾನ ಕಲ್ಲಿದ್ದಲ ಅಡಿ ಅಡಗಿ ಕೂತದ್ದು ಕಥೆಗಾರ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

ನನಗೆ ರಿಚರ್ಡ್‌ಸನ್ ಬಹಳ ಹಿಡಿಸುವುದು ಮುಂದೆ ಮಾಡಿದ ಕೆಲಸಕ್ಕೆ. 1922ರಲ್ಲಿ ಅಂಕಿಗಳಿಂದ ಹವೆ ಹೇಳುವ ಬಗೆಯನ್ನು ಪುಸ್ತಕವಾಗಿ ತಂದಾಗ ಆ ಕೆಟ್ಟ ಉತ್ತರವನ್ನು ಮುಚ್ಚಿಡಲಿಲ್ಲ. ಕೋಷ್ಟಕಗಳ ಸಮೇತ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಅಚ್ಚು ಹಾಕಿಸಿದರು. ಅದೇ ಪುಸ್ತಕದಲ್ಲಿ ಒಂದು ಕನಸೂ ಇದೆ. ಭೂಗೋಳದಂತೆ ದುಂಡಗಿನ ಒಂದು ಭಾರಿ ರಂಗಮಂದಿರ, ಗೋಡೆಯ ಮೇಲೆಲ್ಲ ಜಗತ್ತಿನ ನಕ್ಷೆ. ಚಾವಣಿ ಉತ್ತರ ಧ್ರುವ, ತಳದ ಗುಂಡಿ ಅಂಟಾರ್ಕ್ಟಿಕಾ. 64,000 ಲೆಕ್ಕಿಗರು ತಂತಮ್ಮ ತುಂಡು ನಾಡಿನ ಗಾಳಿಯನ್ನು ಲೆಕ್ಕ ಮಾಡುತ್ತ ಕೂತಿದ್ದಾರೆ. ನಟ್ಟನಡುವಿನ ಎತ್ತರದ ಪೀಠದಲ್ಲಿ ನಿಂತವನು ಸಂಗೀತ ಮೇಳದ ನಾಯಕನಂತೆ. ಅವನ ಕೈಯಲ್ಲಿ ಕೋಲಿನ ಬದಲು ದೀಪಗಳು. ಮುಂದೋಡುವವರ ಮೇಲೆ ಗುಲಾಬಿ ಬೆಳಕು, ಹಿಂದೆ ಬಿದ್ದವರ ಮೇಲೆ ನೀಲಿ. ಹೊರಗೆ ಆಟದ ಬಯಲು, ಮನೆಗಳು, ಬೆಟ್ಟ, ಕೆರೆ. ಹವೆಯ ಲೆಕ್ಕ ಮಾಡುವವರು ಹವೆಯನ್ನು ಉಸಿರಾಡಲೂ ಬೇಕು ಎಂಬುದು ಅವರ ವಾದ. ಬಿಂದುವಿಗಿಷ್ಟೆಂದು ಎಣಿಸಿ ಕೂಲಿ ಕೊಟ್ಟ ಯಜಮಾನರಿಗೆ ಹುಲ್ಲಿನ ರಾಶಿಯ ಮೇಲೆ ಕೂತೆದ್ದ ಮೇಲೆ ಮನಸ್ಸು ಮೆತ್ತಗಾಗಿರಬೇಕು.

ಯುದ್ಧ ಮುಗಿದ ಮೇಲೆ ಮತ್ತೆ ಹವಾಮಾನ ಇಲಾಖೆ ಸೇರಿದ್ದರು. 1920ರಲ್ಲಿ ಸರ್ಕಾರ ಇಲಾಖೆಯನ್ನು ವಾಯುಸೇನೆಯನ್ನು ನೋಡಿಕೊಳ್ಳುವ ಸಚಿವಾಲಯದ ಕೈಗೆ ಕೊಟ್ಟಿತು. ರಾಜೀನಾಮೆ ಕೊಟ್ಟರು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಗಾಳಿಯ ಸುಳಿಗಳ ಅಧ್ಯಯನ ಮುಂದುವರಿಸಿದರು. ಆಮೇಲೆ ಗೊತ್ತಾಯಿತು, ಮೇಲುಗಾಳಿಯ ಈ ಕೆಲಸದಲ್ಲಿ ಎಲ್ಲರಿಗಿಂತ ಹೆಚ್ಚು ಆಸಕ್ತಿ ತೋರುತ್ತಿರುವವರು ವಿಷಾನಿಲದ ತಜ್ಞರು. ಅಚ್ಚಾಗದೆ ಉಳಿದಿದ್ದುದನ್ನೆಲ್ಲ ನಾಶಮಾಡಿ ಆ ಕೆಲಸ ನಿಲ್ಲಿಸಿದರೆಂದು ಪತ್ನಿ ಡೊರೊತಿ ನೆನೆದಿದ್ದಾರೆ. ಅದರಿಂದ ವಿಷಾನಿಲ ನಿಲ್ಲಲಿಲ್ಲ, ನಿಜ. ‘ನಾನು ಬರೇ ಲೆಕ್ಕ ಮಾಡುವವನು’ ಎಂದು ಕೈ ತೊಳೆದುಕೊಳ್ಳುವವರ ನಡುವೆ, ತನ್ನ ಲೆಕ್ಕ ಯಾರ ಮನೆಗೆ ಹೋಗುತ್ತದೆ ಎಂದು ಹಿಂದೆ ಹೋಗಿ ನೋಡಿದವರು ಇವರು. ಬೆಲೆ ತೆತ್ತದ್ದೂ ಅವರೇ, ದೊಡ್ಡ ವಿಶ್ವವಿದ್ಯಾಲಯಗಳ ಹುದ್ದೆ ಕೊನೆವರೆಗೂ ಸಿಗಲಿಲ್ಲ. ಉಳಿದ ಬದುಕನ್ನು ಯುದ್ಧಗಳೇಕೆ ಆಗುತ್ತವೆ ಎಂಬುದರ ಗಣಿತಕ್ಕೆ ಸುರಿದರು. ನೆರೆಯ ದೇಶಗಳ ಗಡಿ ಎಷ್ಟು ಉದ್ದವೆಂದು ನೋಡಹೋದಾಗ ಸ್ಪೇನ್ ಮತ್ತು ಪೋರ್ಚುಗಲ್ ಒಂದೇ ಗಡಿಗೆ 987, 1,214 ಕಿ.ಮೀ. ಎಂದು ಎರಡು ಲೆಕ್ಕ ಹೇಳುವುದು ಕಣ್ಣಿಗೆ ಬಿತ್ತು. ಅಳೆಯುವ ಕೋಲು ಚಿಕ್ಕದಾದಷ್ಟೂ ಗಡಿ ಉದ್ದವಾಗುತ್ತದೆ. ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಇದನ್ನೇ ಹಿಡಿದು, ಎಷ್ಟು ಹತ್ತಿರ ಹೋದರೂ ಅಂಕುಡೊಂಕು ಮುಗಿಯದ ಫ್ರ್ಯಾಕ್ಟಲ್ ಆಕಾರಗಳತ್ತ ನಡೆದರು. ಅದು ಬೇರೆ ಲೇಖನಕ್ಕಾಗುವ ಮಾತು.

64,000 ಜನರ ಜಾಗಕ್ಕೆ ಬಂದದ್ದು ಒಂದು ಯಂತ್ರ, ಎನಿಯಾಕ್. ಅಮೆರಿಕದ ಸೇನೆ ಫಿರಂಗಿ ಗುಂಡು ಎಲ್ಲಿ ಬೀಳುತ್ತದೆಂಬ ಕೋಷ್ಟಕಗಳಿಗಾಗಿ ಕಟ್ಟಿಸಿದ್ದು. ಅದಕ್ಕೆ ಸಿಕ್ಕ ಮೊದಲ ದೊಡ್ಡ ಕೆಲಸ ಹೈಡ್ರೋಜನ್ ಬಾಂಬಿನ ಲೆಕ್ಕ. 1950ರ ಮಾರ್ಚ್‌ನಿಂದ ಹವಾಮಾನ ವಿಜ್ಞಾನಿ ಜೂಲ್ ಚಾರ್ನಿ, ಗಣಿತಜ್ಞ ಜಾನ್ ಫಾನ್ ನಾಯ್ಮನ್ ಮತ್ತವರ ತಂಡ ಮೇರಿಲ್ಯಾಂಡಿನ ಅಬರ್ಡೀನ್ ಸೇನಾನೆಲೆಯಲ್ಲಿ ಹಗಲಿರುಳು 33 ದಿನ ಅದರ ಮುಂದೆ ಕೂತು ಹವೆಯ ಲೆಕ್ಕ ಮಾಡಿಸಿತು. ರಿಚರ್ಡ್‌ಸನ್ನರನ್ನು ಕೆಡವಿದ ಗದ್ದಲವನ್ನು ಚಾರ್ನಿ ಸಮೀಕರಣದಲ್ಲೇ ಸೋಸಿ, ದೊಡ್ಡ ಗಾಳಿಯಲೆಗಳನ್ನಷ್ಟೇ ಉಳಿಸಿಕೊಂಡಿದ್ದರು. 24 ಗಂಟೆಯ ಮುನ್ಸೂಚನೆಗೆ ಸುಮಾರು 24 ಗಂಟೆ ಹಿಡಿಯಿತು. ಹವೆಯ ಸಮಕ್ಕೆ ಓಡಿದಂತಾಯಿತು. (ಲಿಂಚ್ ಮುಂದೆ ಇದೇ ಲೆಕ್ಕವನ್ನು ಒಂದು ನೋಕಿಯಾ ಫೋನಿನಲ್ಲಿ ಮಾಡಿಸಿದರು, ಒಂದು ಸೆಕೆಂಡೂ ಬೇಕಾಗಲಿಲ್ಲ.)

ಬಾಂಬು ಮತ್ತು ಮೋಡದ ಈ ನಂಟು ನಮ್ಮ ಬಾಗಿಲಿಗೂ ಬಂತು. ಎಂಬತ್ತರ ದಶಕದಲ್ಲಿ ಭಾರತ ದೆಹಲಿಯ ಹವಾಮುನ್ಸೂಚನೆ ಕೇಂದ್ರಕ್ಕೆ ಕ್ರೇ ಸೂಪರ್‌ಕಂಪ್ಯೂಟರ್ ಕೇಳಿದಾಗ, ಅಣ್ವಸ್ತ್ರಕ್ಕೆ ಬಳಸಿಯಾರೆಂಬ ಭಯದಿಂದ ಅಮೆರಿಕ ಕೇಳಿದ್ದಕ್ಕಿಂತ ಚಿಕ್ಕದನ್ನು ಕೊಟ್ಟಿತು, ಅದೂ ಕಟ್ಟುಪಾಡುಗಳೊಂದಿಗೆ. ಅದು ಬರುವ ಮೊದಲೇ, 1986ರಲ್ಲಿ, ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್‌ನಲ್ಲಿ ರೊದ್ದಂ ನರಸಿಂಹ ನಿರ್ದೇಶಕರಾಗಿದ್ದ ಕಾಲದಲ್ಲಿ ಫ್ಲೋಸಾಲ್ವರ್ ಎಂಬ ಯಂತ್ರ ಎದ್ದಿತ್ತು. ಒಂದೇ ಲೆಕ್ಕವನ್ನು ಹಲವು ಚಿಪ್‌ಗಳಿಗೆ ಹಂಚಿ ಮಾಡಿಸುವ ಉಪಾಯ, ಆ ರಂಗಮಂದಿರದ್ದೇ ಉಪಾಯ. ವಿಮಾನದ ರೆಕ್ಕೆಯ ಮೇಲಿನ ಗಾಳಿಗೆಂದು ಹುಟ್ಟಿದ ಅದರ ಮುಂದಿನ ತಲೆಮಾರುಗಳು ಹವೆಯ ಲೆಕ್ಕವನ್ನೂ ಮಾಡಿದವು. ರಿಚರ್ಡ್‌ಸನ್ನರ 200 ಕಿ.ಮೀ. ಚೌಕ ಇಂದು ಭಾರತದ್ದೇ ಮಾದರಿಯಲ್ಲಿ 6 ಕಿ.ಮೀ.ಗೆ ಇಳಿದಿದೆ.

ಪೀಟಿನಿಂದ ಹೊರಟದ್ದಕ್ಕೆ ಕೊನೆಗೆ ಮತ್ತೆ ಉರುವಲಿನ ಮಾತು. ಪಾವಗಡದ ಸೋಲಾರ್ ಪಾರ್ಕು, 2,050 ಮೆಗಾವಾಟ್, ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆ. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು. ಕಲ್ಲಿದ್ದಲನ್ನು ರಾಶಿ ಹಾಕಿ ಬೇಕಾದಾಗ ಉರಿಸಬಹುದು, ಬಿಸಿಲನ್ನೂ ಗಾಳಿಯನ್ನೂ ಹಾಗೆ ಕೂಡಿಡಲಾಗದು. ಅದಕ್ಕೇ ದಿನವನ್ನು 15 ನಿಮಿಷದ 96 ತುಂಡುಗಳಾಗಿ ಕತ್ತರಿಸಿ, ಯಾವ ತುಂಡಿನಲ್ಲಿ ಎಷ್ಟು ಕರೆಂಟು ಬರುತ್ತದೆಂದು ಉತ್ಪಾದಕರು ಗ್ರಿಡ್ ನಡೆಸುವವರಿಗೆ ಮುಂಚಿತವಾಗಿ ಬರೆದುಕೊಡಬೇಕು. ಮೋಡ ಬಂದು ಲೆಕ್ಕ ಮಿತಿಮೀರಿ ತಪ್ಪಿದರೆ ದುಡ್ಡು ಕಟ್ಟಬೇಕು. ರಿಚರ್ಡ್‌ಸನ್ನರ ಹುಡುಗರ ತಪ್ಪು ಲೆಕ್ಕವನ್ನಾದರೆ ಎಣಿಕೆಯಿಂದ ಬಿಡುತ್ತಿದ್ದರಷ್ಟೇ.

ಎನಿಯಾಕ್‌ನ ನಕ್ಷೆಗಳನ್ನು ಚಾರ್ನಿ ರಿಚರ್ಡ್‌ಸನ್ನರಿಗೆ ಕಳಿಸಿದ್ದರು. ಎಪ್ಪತ್ತು ದಾಟಿದ್ದ ಅವರು 1952ರಲ್ಲಿ ಉತ್ತರ ಬರೆದರು. ಅಭಿನಂದಿಸಿ, ತಮ್ಮ 1922ರ ಉತ್ತರವನ್ನು ಪೂರಾ ತಪ್ಪೆಂದೇ ಕರೆದು, ಅದರಿಂದ ಇಲ್ಲಿಗೆ ಬಹಳ ದೂರ ಬಂದಂತಾಯಿತು ಎಂದರು. ಬರೆಯುವ ಮೊದಲು ಮನೆಯಲ್ಲೊಂದು ಪರೀಕ್ಷೆ ಮಾಡಿದ್ದರು. ನಿಜಕ್ಕೂ ಆದ ಹವೆಯ ನಕ್ಷೆಯನ್ನು ಡೊರೊತಿಯವರ ಮುಂದಿಟ್ಟರು. ಪಕ್ಕದಲ್ಲಿ ಹಿಂದಿನ ದಿನದ ನಕ್ಷೆ ಒಂದು, ಯಂತ್ರ ಹೇಳಿದ ನಕ್ಷೆ ಇನ್ನೊಂದು. ಯಾವುದು ಹೆಚ್ಚು ಹೋಲುತ್ತದೆ, ನೋಡಿ ಹೇಳು. ಡೊರೊತಿ ಒಂದೊಂದನ್ನೇ ಹೋಲಿಸಿ ನೋಡಿದರು. ಒಟ್ಟಾರೆ ಯಂತ್ರದ್ದೇ ವಾಸಿ ಅಂದರು, ಸ್ವಲ್ಪ ಮಾತ್ರ.